ಹಂಸ ಹಾರ ನುಂಗಿದ್ದನ್ನು ಕಂಡವರು

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಹೋಬಳಿಯಲ್ಲಿ, ಚಿಕ್ಕಮಧುರೆಯ ಶನಿಮಹಾತ್ಮನ ಗುಡಿಗೆ ನಡೆದುಕೊಳ್ಳುವವರಿಗೆ ವಿಕ್ರಮರಾಜನ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಶನಿಯ ಬಗ್ಗೆ ಹಗುರವಾಗಿ ಮಾತಾಡಿದ ರಾಜ ಏಳೂವರೆ ವರ್ಷ ದಿಕ್ಕುಗೆಟ್ಟು ಅಲೆಯುತ್ತಾನೆ. ಪರಊರಿನಲ್ಲಿ ಒಬ್ಬ ಶೆಟ್ಟಿಯ ಮನೆಯಲ್ಲಿ ತಂಗಿದಾಗ, ಗೋಡೆಯ ಚಿತ್ರದಲ್ಲಿದ್ದ ಹಂಸ ಜೀವ ತಳೆದು ಗೂಟಕ್ಕೆ ತೂಗುಹಾಕಿದ್ದ ಮುತ್ತಿನ ಹಾರವನ್ನು ನುಂಗಿಬಿಡುತ್ತದೆ. ಕಂಡವನು ಅವನೊಬ್ಬನೇ. ಕಳ್ಳತನದ ಆರೋಪವೂ ಅವನ ತಲೆಗೇ, ಕೈಕಾಲು ಕತ್ತರಿಸುವ ಶಿಕ್ಷೆಯೂ ಅವನಿಗೇ. ಥ್ರಿಲ್ಲರ್ ಸಿನಿಮಾದ ಸಂಕಲನ ನಮ್ಮ ಉಸಿರನ್ನು ಹೇಗೆ ಹಿಡಿದಿಡುತ್ತದೆ ಎಂದು ತಿಳಿಯಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಈ ಪ್ರಸಂಗವನ್ನು ಚಿತ್ರೀಕರಿಸಿ ಸಂಕಲನಕಾರರ ಕೈಗೆ ಕೊಟ್ಟಿದ್ದಾರೆ ಎಂದುಕೊಳ್ಳಿ. ಕೈಯಲ್ಲಿರುವುದು ನಾಲ್ಕೇ ಶಾಟು: ಕತ್ತು ಚಾಚುವ ಹಂಸ, ಬರಿದಾದ ಗೂಟ, ವಿಕ್ರಮನ ಮುಖ, ಕೋಣೆಯತ್ತ ನಡೆದುಬರುವ ಶೆಟ್ಟಿಯ ಮಗಳ ಪಾದ. ಮೊದಲು ಬರಿದಾದ ಗೂಟವನ್ನು ತೋರಿಸಿ ಹಂಸವನ್ನು ಕೊನೆಗೆ ಇಟ್ಟರೆ ನಮಗಾಗುವುದು ಅಚ್ಚರಿ. ಎರಡು ಕ್ಷಣ ಬಾಯಿ ತೆರೆದು ಆಮೇಲೆ ಮುಚ್ಚುತ್ತೇವೆ. ಹಂಸವನ್ನೇ ಮೊದಲು ತೋರಿಸಿ, ಪಾದಕ್ಕೆ ಕಟ್ ಮಾಡಿ, ಮುಖಕ್ಕೆ ಬಂದು, ಮತ್ತೆ ಪಾದಕ್ಕೆ ಹೋದರೆ? ಅವಳಿಗೆ ಗೊತ್ತಿಲ್ಲದ್ದು ನಮಗೆ ಗೊತ್ತು. ಅವಳು ಇಡುವ ಒಂದೊಂದು ಹೆಜ್ಜೆಯೂ ನಮ್ಮ ಎದೆಯ ಮೇಲೇ ಬೀಳುತ್ತದೆ. ಅದೇ ನಾಲ್ಕು ಶಾಟು, ಬದಲಾದದ್ದು ಸರದಿ ಮಾತ್ರ. ಯಾರಿಗೆ ಯಾವುದು ಮೊದಲು ತಿಳಿಯಬೇಕು, ತಿಳಿದ ಮೇಲೆ ಎಷ್ಟು ಹೊತ್ತು ಕಾಯಬೇಕು ಎಂಬ ಈ ಹಂಚಿಕೆಯೇ ಸಸ್ಪೆನ್ಸ್ ಎಂಬುದು ನನ್ನ ವಾದ.

ಕಾಯುವ ಆ ಹೊತ್ತಿನಲ್ಲಿ ತಲೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ತೋರಿಸಿತು. ಸ್ಕ್ಯಾನರ್‌ನಲ್ಲಿ ಮಲಗಿದವರಿಗೆ ಹಿಚ್‌ಕಾಕ್‌ನ ಚಿತ್ರಗಳೂ ಸೇರಿದಂತೆ ಕೆಲವು ಥ್ರಿಲ್ಲರ್ ತುಣುಕುಗಳನ್ನು ಪರದೆಯ ನಡುವೆ ತೋರಿಸಿ, ಸುತ್ತಲಿನ ಅಂಚಿನಲ್ಲಿ ಕಪ್ಪುಬಿಳಿ ಚೌಕಗಳನ್ನು ಮಿನುಗಿಸಿದರು. ಆತಂಕ ಏರಿದಂತೆ ನೋಟದ ಅಂಚನ್ನು ಗ್ರಹಿಸುವ ಮಿದುಳಿನ ಭಾಗದ ಚಟುವಟಿಕೆ ಇಳಿಯಿತು, ನಡುವಿನದು ಏರಿತು. ಆತಂಕ ತಗ್ಗಿದಾಗ ಅಂಚು ಮತ್ತೆ ಎಚ್ಚೆತ್ತಿತು. ಸಿನಿಮಾ ನೋಡುತ್ತಾ ಲೋಕವನ್ನೇ ಮರೆತೆವು ಎನ್ನುವುದು ಬರೀ ಮಾತಿನ ಅಲಂಕಾರವಲ್ಲ. ಕಣ್ಣಿನ ಜಗತ್ತು ನಿಜಕ್ಕೂ ಕಿರಿದಾಗಿರುತ್ತದೆ.

ಇದಕ್ಕೂ ಮೊದಲು, 2008ರಲ್ಲಿ, ನ್ಯೂಯಾರ್ಕ್‌ನಲ್ಲಿ ಊರಿ ಹ್ಯಾಸನ್ ಮತ್ತು ಸಂಗಡಿಗರು ಬೇರೆ ಬೇರೆ ಜನರ ಮಿದುಳು ಒಂದೇ ತುಣುಕಿಗೆ ಎಷ್ಟು ಒಂದೇ ತೆರನಾಗಿ ಸ್ಪಂದಿಸುತ್ತದೆ ಎಂದು ಅಳೆದಿದ್ದರು. ಹಿಚ್‌ಕಾಕ್‌ನ ಟಿವಿ ಕಂತೊಂದಕ್ಕೆ ಮಿದುಳಿನ ಹೊರಪದರದ ಸುಮಾರು ಶೇ 65ರಷ್ಟು ಭಾಗ ಎಲ್ಲರಲ್ಲೂ ಒಂದೇ ತಾಳಕ್ಕೆ ಬಿತ್ತು. ಉದ್ಯಾನವೊಂದರಲ್ಲಿ ಕ್ಯಾಮೆರಾ ಇಟ್ಟು, ಎಲ್ಲೂ ಕತ್ತರಿಸದೆ ತೆಗೆದ ದೃಶ್ಯಕ್ಕೆ ಶೇ 5ರಷ್ಟೂ ಇಲ್ಲ. ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ತಾಳ ಕೂಡಿತೆಂದರೆ ಗಮನ ಕೂಡಿತೆಂದಷ್ಟೇ, ಎಲ್ಲರೂ ಹೆದರಿದರು ಎಂದಲ್ಲ. ಆದರೆ ಸಾವಿರ ಜನರ ಗಮನವನ್ನು ಒಂದೇ ಗೂಟದ ಮೇಲೆ ನಿಲ್ಲಿಸಲು ಸಂಕಲನಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ಇಷ್ಟು ಸಾಕು.

ಪಟಪಟನೆ ಕಟ್ ಮಾಡಿದರೆ ಸಸ್ಪೆನ್ಸ್ ತಾನಾಗಿ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಇವತ್ತಿನ ಅನೇಕ ಸಿನಿಮಾಗಳು ಇದನ್ನೇ ನಂಬಿ ಕೆಡುತ್ತಿವೆ. 1960ರ ‘ಸೈಕೋ’ದ ಸ್ನಾನಗೃಹದ ಕೊಲೆ ಮುಕ್ಕಾಲು ನಿಮಿಷದಷ್ಟರಲ್ಲಿ ಐವತ್ತಕ್ಕೂ ಹೆಚ್ಚು ಬಾರಿ ಕತ್ತರಿಸಿದ ದೃಶ್ಯ, ಅದು ಕೊಡುವುದು ಆಘಾತ. ಆಮೇಲೆ ಪತ್ತೇದಾರನೊಬ್ಬ ಪಕ್ಕದ ಮನೆಯ ಮೆಟ್ಟಿಲನ್ನು ನಿಧಾನವಾಗಿ ಹತ್ತುತ್ತಾನೆ. ಅಲ್ಲಿ ಕಟ್‌ಗಳು ಕಡಿಮೆ, ಭಯ ಹೆಚ್ಚು. ಮೇಲೆ ಅಪಾಯ ಕಾದಿದೆಯೆಂದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ತಿಳಿಸದೆ ಬಚ್ಚಿಟ್ಟೂ ಹಿಡಿದಿಡಬಹುದಲ್ಲ ಎಂಬ ಮಾತಿಗೆ ಹೆಚ್ಚು ತೂಕವಿದೆ. ಸುನೀಲ್ ಕುಮಾರ್ ದೇಸಾಯಿಯವರ 1995ರ ‘ಬೆಳದಿಂಗಳ ಬಾಲೆ’ ಅದಕ್ಕೆ ಸಾಕ್ಷಿ. ಅನಂತನಾಗ್ ಅವರ ಪಾತ್ರಕ್ಕೆ ಫೋನ್ ಮಾಡುವ ಹೆಣ್ಣಿನ ದನಿ, ಮಂಜುಳಾ ಗುರುರಾಜ್ ಅವರ ದನಿ, ನಮಗೆ ಕೇಳಿಸುತ್ತದೆ, ಮುಖ ಕಾಣಿಸುವುದಿಲ್ಲ. ಫೋನ್ ದೃಶ್ಯವೆಂದರೆ ಈ ತುದಿಯ ಮುಖ, ಆ ತುದಿಯ ಮುಖ ಎಂದು ಕತ್ತರಿಸುವುದು ರೂಢಿ. ಎರಡನೆಯ ಮುಖ ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ನಾವು ಕಾಯುತ್ತೇವೆ. ಇದು ಆತಂಕಕ್ಕಿಂತ ಕುತೂಹಲಕ್ಕೆ ಹತ್ತಿರ, ಒಪ್ಪುತ್ತೇನೆ. ಆದರೂ ಕಾಯಿಸುತ್ತಿರುವುದು ಬರಬೇಕಾದ ಶಾಟಿನ ಗೈರುಹಾಜರಿಯೇ, ಮತ್ತು ಅದನ್ನು ಕಾಪಾಡಿಕೊಳ್ಳುವುದೂ ಸಂಕಲನದ ಕೆಲಸವೇ.

ಇದೆಲ್ಲ ಚಿತ್ರಕಥೆಯಲ್ಲೇ ಬರೆದಿರುತ್ತದೆ, ಸಂಗೀತ ಉಳಿದದ್ದನ್ನು ಮಾಡುತ್ತದೆ ಎನ್ನುವವರಿಗೂ ಉತ್ತರ ಕೊಡಬೇಕು. ಮೌನವಾಗಿಸಿದ ಥ್ರಿಲ್ಲರ್ ಸೊರಗುತ್ತದೆ, ನಿಜ. ಆದರೆ ಶೆಟ್ಟಿಯ ಮಗಳ ಕಾಲ್ಗೆಜ್ಜೆ ಅವಳು ಕಾಣುವ ಮೊದಲೇ ಕೇಳಿಸಬೇಕೆ, ಕಂಡ ಮೇಲೆಯೇ ಎಂಬುದು ತೀರ್ಮಾನವಾಗುವುದು ಸಂಕಲನದಲ್ಲಿ. ಚಿತ್ರಕಥೆ ‘ಅವಳು ಬರುತ್ತಾಳೆ’ ಎಂದಷ್ಟೇ ಬರೆಯಬಲ್ಲದು. ಸೆಕೆಂಡಿಗೆ 24 ಚೌಕಟ್ಟಿನಂತೆ ಓಡುವ ಚಿತ್ರದಲ್ಲಿ ಆ ಪಾದವನ್ನು 30 ಚೌಕಟ್ಟು ನಿಲ್ಲಿಸಬೇಕೋ 90 ನಿಲ್ಲಿಸಬೇಕೋ ಎಂಬುದು ಕಾಗದದ ಮೇಲೆ ಗೊತ್ತಾಗುವ ಸಂಗತಿಯಲ್ಲ.

ಕಥೆ ಮೊದಲೇ ಗೊತ್ತಿದ್ದವರಿಗೆ ಸಸ್ಪೆನ್ಸ್ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಮನೋವಿಜ್ಞಾನಿ ರಿಚರ್ಡ್ ಗೆರಿಗ್ 1989ರಲ್ಲಿ ಇದನ್ನು ಪರೀಕ್ಷಿಸಿದರು. ಎಲ್ಲರಿಗೂ ಗೊತ್ತಿರುವ ಚರಿತ್ರೆಯ ಘಟನೆಯನ್ನೇ ‘ಆಗುತ್ತದೋ ಇಲ್ಲವೋ’ ಎಂಬಂತೆ ಕಥೆಯಾಗಿ ಓದಿಸಿದಾಗ, ಅದು ನಿಜವೇ ಎಂದು ಕೇಳಿದರೆ ಉತ್ತರಿಸಲು ಓದುಗರು ಹೆಚ್ಚು ಹೊತ್ತು ತೆಗೆದುಕೊಂಡರು. ಉತ್ತರ ಅವರಲ್ಲಿ ಇತ್ತು; ಕಥೆಯ ಆ ಗಳಿಗೆ ಅದನ್ನು ತುಸು ಹಿಂದಕ್ಕೆ ತಳ್ಳಿತ್ತು. ವಿಕ್ರಮನಿಗೆ ಕೈಕಾಲು ಮರಳಿ ಬರುತ್ತದೆಂದು ಬಲ್ಲ ಕೇಳುಗರೂ, ಶೆಟ್ಟಿಯ ಮಗಳ ಕೈ ಬರಿದಾದ ಗೂಟದತ್ತ ಚಾಚುವ ಹೊತ್ತಿಗೆ, ಹಾರ ಇನ್ನೂ ಅಲ್ಲೇ ಇರಬಾರದೇ ಎಂದುಕೊಳ್ಳುತ್ತಾರೆ.