ಪ್ರೊಸೆಸರಿನೊಳಗಿನ ಲೆಕ್ಕದ ಮೀಟರು

ಒಂದು ಪ್ರೋಗ್ರಾಂ ಎಷ್ಟು ಸೆಕೆಂಡಿನಲ್ಲಿ ಮುಗಿಯಿತೆಂದು ಗಡಿಯಾರ ಹೇಳಬಲ್ಲದು. ಆ ಹೊತ್ತಿನಲ್ಲಿ ಪ್ರೊಸೆಸರ್ ದುಡಿಯುತ್ತಿತ್ತೇ, ಮೆಮೊರಿಯಿಂದ ಅಂಕಿ ಬರಲೆಂದು ಕಾಯುತ್ತಿತ್ತೇ? ಅದು ಗಡಿಯಾರಕ್ಕೆ ತಿಳಿಯದು. ಇದನ್ನು ತಿಳಿಸಲೆಂದೇ ಪ್ರೊಸೆಸರಿನೊಳಗೆ ಕೆಲವು ವಿಶೇಷ ರಿಜಿಸ್ಟರ್‌ಗಳಿವೆ. ಇವೇ ಪರ್ಫಾರ್ಮೆನ್ಸ್ ಕೌಂಟರ್‌ಗಳು. ಮನೆಯ ವಿದ್ಯುತ್ ಮೀಟರಿನಂತೆ ಇವು ಕೆಲಸಕ್ಕೆ ಅಡ್ಡಿಪಡಿಸದೆ ಮೌನವಾಗಿ ಎಣಿಸುತ್ತಿರುತ್ತವೆ. 1993ರ ಪೆಂಟಿಯಂ ಪ್ರೊಸೆಸರಿನಲ್ಲಿ ಇಂಥ ಎರಡು ಕೌಂಟರ್‌ಗಳಿದ್ದವು.

ಈಗ ವೆಕ್ಟರ್ ಕ್ರಿಯೆ ಎಂದರೇನೆಂದು ನೋಡೋಣ. ಡ್ರಿಲ್ ಮೇಷ್ಟರು ಒಮ್ಮೆ 'ಬಲಕ್ಕೆ ತಿರುಗು' ಎಂದರೆ ಇಡೀ ಸಾಲು ತಿರುಗುತ್ತದೆಯಲ್ಲವೇ? ಹಾಗೆಯೇ ಒಂದೇ ಆದೇಶದಿಂದ ಹಲವು ಸಂಖ್ಯೆಗಳ ಮೇಲೆ ಲೆಕ್ಕ ಮಾಡುವುದೇ ವೆಕ್ಟರ್ ಕ್ರಿಯೆ. 1976ರ ಕ್ರೇ-1 ಸೂಪರ್ ಕಂಪ್ಯೂಟರಿನ ಒಂದೊಂದು ವೆಕ್ಟರ್ ರಿಜಿಸ್ಟರಿನಲ್ಲಿ 64 ಸಂಖ್ಯೆಗಳು ಹಿಡಿಯುತ್ತಿದ್ದವು. ಇಂಟೆಲ್ ಪ್ರೊಸೆಸರ್‌ಗಳಲ್ಲಿ 1999ರಲ್ಲಿ 128 ಬಿಟ್, 2011ರಲ್ಲಿ 256 ಬಿಟ್, ಆಮೇಲೆ 512 ಬಿಟ್ ಅಗಲದ ವೆಕ್ಟರ್‌ಗಳು ಬಂದವು.

ಇಲ್ಲಿಯೇ ಎಣಿಕೆಯ ತೊಡಕು ಆರಂಭವಾಗುತ್ತದೆ. ತಲಾ 64 ಬಿಟ್‌ನ 800 ಜೋಡಿ ದಶಮಾಂಶ ಸಂಖ್ಯೆಗಳನ್ನು ಕೂಡಬೇಕೆಂದುಕೊಳ್ಳಿ. ಒಂದೊಂದಾಗಿ ಕೂಡಿದರೆ 800 ಆದೇಶ ಬೇಕು. 128 ಬಿಟ್ ವೆಕ್ಟರಿಗೆ 400, 256 ಬಿಟ್‌ಗೆ 200, 512 ಬಿಟ್‌ಗೆ ಬರೀ 100 ಸಾಕು. ಕೆಲಸ ಮಾತ್ರ ಎಲ್ಲದರಲ್ಲಿಯೂ ಒಂದೇ: 800 ಸಂಕಲನ.

ಹಾಗಾದರೆ ಕೌಂಟರ್ ಏನನ್ನು ಎಣಿಸಬೇಕು? ಆದೇಶವನ್ನೋ, ಸಂಕಲನವನ್ನೋ? ಒಂದೊಂದು ಕಂಪನಿ ಒಂದೊಂದು ದಾರಿ ಹಿಡಿದಿದೆ. ಇಂಟೆಲ್ ಆದೇಶಗಳನ್ನು ಅಗಲಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಎಣಿಸುತ್ತದೆ. 512 ಬಿಟ್‌ನ ಕೌಂಟರ್ 100 ಎಂದರೆ ನೀವು ಅದನ್ನು 8ರಿಂದ ಗುಣಿಸಬೇಕು. ಗುಣಿಸಿ ಕೂಡುವ ಜೋಡಿ ಆದೇಶವನ್ನು ಅದು ಎರಡೆಂದೇ ಎಣಿಸುತ್ತದೆ. ಎಎಂಡಿ ಕಂಪನಿಯ ಜೆನ್ ಪ್ರೊಸೆಸರ್‌ಗಳು ನೇರವಾಗಿ ಲೆಕ್ಕದ ಕ್ರಿಯೆಗಳನ್ನೇ ಎಣಿಸಿ 800 ಎನ್ನುತ್ತವೆ. ಆರ್ಮ್ ವಿನ್ಯಾಸದ ಎಸ್‌ವಿಇ ವೆಕ್ಟರಿನ ಅಗಲ 128ರಿಂದ 2048 ಬಿಟ್‌ವರೆಗೆ ಬೇರೆ ಬೇರೆಯಾಗಿರಬಹುದು. ಆದ್ದರಿಂದ ಅಲ್ಲಿ 128 ಬಿಟ್‌ಗೆ ಎಷ್ಟು ಕ್ರಿಯೆ ಎಂದು ಎಣಿಸುತ್ತಾರೆ. ಜಪಾನಿನ ಫುಗಾಕು ಸೂಪರ್ ಕಂಪ್ಯೂಟರಿನ ಪ್ರೊಸೆಸರಿನಲ್ಲಿ ವೆಕ್ಟರಿನ ಅಗಲ 512 ಬಿಟ್. ಅಲ್ಲಿ ನಮ್ಮ ಲೆಕ್ಕಕ್ಕೆ ಕೌಂಟರ್ 200 ತೋರಿಸುತ್ತದೆ. 4ರಿಂದ ಗುಣಿಸಿದರೆ 800.

ನೋಡಿದಿರಾ? 100, 800, 200 ಎಂಬ ಅಂಕಿಗಳನ್ನು ಹಾಗೆಯೇ ಹೋಲಿಸಿದರೆ ಒಂದೇ ಕೆಲಸ ಮಾಡಿದ ಮೂರು ಯಂತ್ರಗಳಲ್ಲಿ ಒಂದನ್ನು ಜಾಣನೆಂದೂ ಇನ್ನೊಂದನ್ನು ಸೋಮಾರಿಯೆಂದೂ ತಪ್ಪಾಗಿ ತೀರ್ಪು ಕೊಟ್ಟಂತಾಗುತ್ತದೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಇಂಟೆಲ್‌ನ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರ್ ಆದೇಶ ಹೊರಟ ಕ್ಷಣದಲ್ಲೇ ಎಣಿಸುತ್ತಿತ್ತು. ಅಂಕಿ ಮೆಮೊರಿಯಿಂದ ಬಂದಿರದಿದ್ದರೆ ಅದೇ ಆದೇಶ ಮತ್ತೆ ಹೊರಡುತ್ತಿತ್ತು, ಮತ್ತೆ ಎಣಿಕೆಗೆ ಸೇರುತ್ತಿತ್ತು. ಹೀಗಾಗಿ ಮಾಡಿದ್ದಕ್ಕಿಂತ ಹೆಚ್ಚು ಲೆಕ್ಕ ಬರುತ್ತಿತ್ತು. 2013ರ ಹ್ಯಾಸ್‌ವೆಲ್‌ನಲ್ಲಿ ಈ ಎಣಿಕೆಯೇ ಇರಲಿಲ್ಲ. ಅದರ ಮುಂದಿನ ಪೀಳಿಗೆಯಿಂದ, ಪೂರ್ತಿ ಮುಗಿದ ಆದೇಶಗಳನ್ನು ಮಾತ್ರ ಎಣಿಸುವ ವ್ಯವಸ್ಥೆ ಬಂತು.

ನೀವೂ ಪರೀಕ್ಷಿಸಬಹುದು. ಲಿನಕ್ಸ್‌ನಲ್ಲಿ 'ಪರ್ಫ್' ಎಂಬ ಸಾಧನವಿದೆ. ಎಷ್ಟು ಸಂಕಲನಗಳೆಂದು ನಿಮಗೆ ಮೊದಲೇ ಗೊತ್ತಿರುವ ಒಂದು ಪುಟ್ಟ ಪ್ರೋಗ್ರಾಂ ಬರೆದು, ಕೌಂಟರಿನ ಉತ್ತರ ತಾಳೆಯಾಗುತ್ತದೆಯೇ ನೋಡಿ. ತಕ್ಕಡಿ ಸರಿಯಿದೆಯೆಂದು ಗೊತ್ತಾದ ಮೇಲೆಯೇ ತೂಕ ಹಾಕುವುದು ಜಾಣತನ!