ಸಿಗ್ನಲ್ಲು ಎಣಿಸಬೇಕಾದದ್ದು ಜನರನ್ನು

ಬೆಂಗಳೂರಿನ ಬನಶಂಕರಿಯಿಂದ ಹೊರಟ 500 ಸರಣಿಯ ಬಸ್ಸು ಸಾರಕ್ಕಿ, ಜೆ.ಪಿ. ನಗರ, ಬಿಟಿಎಂ ಲೇಔಟ್ ದಾಟಿ ಸಿಲ್ಕ್ ಬೋರ್ಡ್ ಸೇರುವಷ್ಟರಲ್ಲಿ ಎಷ್ಟೋ ಹೊತ್ತನ್ನು ಕೆಂಪು ದೀಪದ ಮುಂದೆಯೇ ಕಳೆದಿರುತ್ತದೆ. ರಸ್ತೆ ಅಗಲ ಮಾಡದೆಯೂ ಈ ಹೊತ್ತನ್ನು ಉಳಿಸಬಹುದು.

ಹಳೆಯ ಸಿಗ್ನಲ್ಲು ಗಡಿಯಾರ ನೋಡಿ ನಡೆಯುತ್ತದೆ. ಅಡ್ಡರಸ್ತೆ ಖಾಲಿಯಿದ್ದರೂ ಅದರ ಪಾಲಿನ ಹಸಿರು ಉರಿಯುತ್ತದೆ. ಅಡಾಪ್ಟಿವ್ ಸಿಗ್ನಲ್ಲು ರಸ್ತೆ ನೋಡಿ ನಡೆಯುತ್ತದೆ: ನಿಂತ ವಾಹನಗಳ ಸಾಲನ್ನು ಅಳೆದು ಯಾವ ದಿಕ್ಕಿಗೆ ಎಷ್ಟು ಸೆಕೆಂಡು ಹಸಿರು ಎಂಬುದನ್ನು ಆಗಾಗ ಬದಲಿಸುತ್ತದೆ, ಮುಂದಿನ ಸಿಗ್ನಲ್ಲಿನ ಜೊತೆ ಸಮಯವನ್ನೂ ಹೊಂದಿಸಿಕೊಳ್ಳುತ್ತದೆ. ಸಿಡ್ನಿಯಲ್ಲಿ 1970ರ ದಶಕದಲ್ಲೇ ಇಂಥ ವ್ಯವಸ್ಥೆ ಬಂತು. ಬೆಂಗಳೂರು ಸಂಚಾರ ಪೊಲೀಸರು ಕೇಂದ್ರ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್ ರೂಪಿಸಿದ ಕ್ಯಾಮೆರಾ ಆಧಾರಿತ ವ್ಯವಸ್ಥೆಯನ್ನು 2024ರಲ್ಲಿ ಅಳವಡಿಸತೊಡಗಿದರು.

ಆದರೆ ವಾಹನಗಳನ್ನಷ್ಟೇ ಎಣಿಸಿದರೆ ಬಸ್ಸಿಗೆ ನ್ಯಾಯ ಸಿಗದು. ಬಸ್ಸಿನಲ್ಲಿ 60 ಜನರಿದ್ದಾರೆ, ಹಸಿರು 8 ಸೆಕೆಂಡು ಹೆಚ್ಚು ಉರಿದರೆ ಅದು ದಾಟುತ್ತದೆ, ಇಲ್ಲದಿದ್ದರೆ 90 ಸೆಕೆಂಡು ನಿಲ್ಲಬೇಕು ಎಂದುಕೊಳ್ಳಿ. ನಿಂತರೆ ಅಷ್ಟೂ ಜನರಿಂದ ಒಟ್ಟು 5,400 ಸೆಕೆಂಡು ಹೋಯಿತು. ದಾಟಲು ಬಿಟ್ಟರೆ ಅಡ್ಡರಸ್ತೆಯಲ್ಲಿ ಕಾಯುವ 100 ಜನ ಕಳೆದುಕೊಳ್ಳುವುದು 800 ಸೆಕೆಂಡು ಮಾತ್ರ. ಬಸ್ಸಿನ ಜಿಪಿಎಸ್ ಮಾಹಿತಿ ಸಿಗ್ನಲ್ಲಿಗೆ ತಲುಪಿದರೆ ಅದು ಹಸಿರನ್ನು ಕೊಂಚ ಎಳೆಯಬಹುದು, ಇಲ್ಲವೇ ಕೆಂಪನ್ನು ಬೇಗ ಮುಗಿಸಬಹುದು.

ಎಲ್ಲ ಬಸ್ಸಿಗೂ ಈ ಆದ್ಯತೆ ಬೇಕಿಲ್ಲ. ತಡವಾದ ಬಸ್ಸಿಗೆ ಪ್ರತಿ ಸ್ಟಾಪಿನಲ್ಲೂ ಹೆಚ್ಚು ಜನ ಹತ್ತುತ್ತಾರೆ, ಅದು ಇನ್ನಷ್ಟು ತಡವಾಗುತ್ತದೆ, ಹಿಂದಿನ ಬಸ್ಸು ಬಂದು ಅದಕ್ಕೆ ಕೂಡಿಕೊಳ್ಳುತ್ತದೆ. ಅರ್ಧ ಗಂಟೆ ಕಾದ ಮೇಲೆ ಒಟ್ಟಿಗೇ ಮೂರು ಬಸ್ಸು ಬರುವುದು ಹೀಗೆ. ತಡವಾದದ್ದಕ್ಕೆ ಮಾತ್ರ ಹಸಿರು ಕೊಟ್ಟರೆ ಬಸ್ಸುಗಳ ನಡುವಿನ ಅಂತರ ಉಳಿಯುತ್ತದೆ. ಬಸ್ ಸ್ಟಾಪು ಸಿಗ್ನಲ್ ದಾಟಿದ ಮೇಲಿರುವುದೂ ಮುಖ್ಯ. ಮೊದಲೇ ಇದ್ದರೆ ಜನ ಹತ್ತಿಳಿಯುವಷ್ಟರಲ್ಲಿ ಹೆಚ್ಚುವರಿ ಹಸಿರು ವ್ಯರ್ಥವಾಗುತ್ತದೆ.

ಬಸ್ಸು ಸಾಲಿನ ಕೊನೆಯಲ್ಲಿ ಸಿಕ್ಕಿಕೊಂಡಿದ್ದರೆ ಯಾವ ಸಿಗ್ನಲ್ಲೂ ನೆರವಾಗದು. ಅದಕ್ಕೇ ಪ್ರತ್ಯೇಕ ಪಥ ಬೇಕು. ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸುಗಳಿಗೆ ಅಂಥ ಪಥವಿದೆ. ಬೆಂಗಳೂರಿನಲ್ಲೂ 2019ರ ಅಕ್ಟೋಬರ್‌ನಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಬಸ್ ಪಥ ಆರಂಭವಾಗಿತ್ತು. ಮೆಟ್ರೊ ಕಾಮಗಾರಿ ಬಂದಾಗ ಅದು ಉಳಿಯಲಿಲ್ಲ.

ಬನಶಂಕರಿ–ಸಿಲ್ಕ್ ಬೋರ್ಡ್ ಮಾರ್ಗದಲ್ಲಿ ಪಥ, ಸ್ಟಾಪು, ಸಿಗ್ನಲ್ಲು ಮೂರನ್ನೂ ಒಟ್ಟಿಗೆ ಯೋಜಿಸಬೇಕು. ಗಂಟೆಗೆ ಎಷ್ಟು ವಾಹನ ದಾಟಿದವು ಎಂಬ ಲೆಕ್ಕದ ಬದಲು ಎಷ್ಟು ಜನ ದಾಟಿದರು ಎಂಬ ಲೆಕ್ಕವನ್ನು ಪೊಲೀಸರೂ ಬಸ್ಸು ನಡೆಸುವ ಬಿಎಂಟಿಸಿಯೂ ಒಟ್ಟಾಗಿ ಇಡಲಿ. ಆ ಲೆಕ್ಕ ಕೈಯಲ್ಲಿದ್ದರೆ ಬಸ್ಸಿಗೆ ಹಸಿರು ಕೊಡಲು ಬೇರೆ ಸಮರ್ಥನೆ ಬೇಕಾಗದು.