‘ತಿಂದ, ಆದರೆ ಊರು ಕಟ್ಟಿದ’ ಎಂಬ ಸುಳ್ಳು

‘ದುಡ್ಡು ತಿಂದ, ನಿಜ. ಆದರೆ ಬಡವರ ಕೈ ಬಿಡಲಿಲ್ಲ, ಊರನ್ನೂ ಕಟ್ಟಿದ.’ ಪಾನನಿಷೇಧದ ಕಾಲದಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ಟಾಮ್ ಪೆಂಡರ್‌ಗಾಸ್ಟ್‌ನ ಸುದ್ದಿ ಬಂದಾಗಲೆಲ್ಲ ಈ ಮಾತು ಕಿವಿಗೆ ಬೀಳುತ್ತದೆ. ಬಿದ್ದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ತಪ್ಪನ್ನು ಒಪ್ಪಿಕೊಂಡಂತೆ ಮಾಡಿ, ಅದೇ ಉಸಿರಿನಲ್ಲಿ ಮಾಫಿ ಮಾಡಿಬಿಡುವ ಮಾತಿದು.

ಸಣ್ಣಪುಟ್ಟವನ್ನು ಮೊದಲು ಮುಗಿಸೋಣ. ಅವನು ಮೇಯರ್ ಆಗಿದ್ದನಂತೆ: ಎಂದೂ ಆಗಿರಲಿಲ್ಲ. ನಗರಸಭೆಯ ಸದಸ್ಯತ್ವ ಬಿಟ್ಟ ಮೇಲೆ ಯಾವ ಚುನಾಯಿತ ಹುದ್ದೆಯೂ ಇಲ್ಲದೆ, 1908, ಮೇನ್ ಸ್ಟ್ರೀಟ್ ಎಂಬ ವಿಳಾಸದ ಎರಡಂತಸ್ತಿನ ಕಟ್ಟಡದಲ್ಲಿ ಕೂತು ಊರಾಳಿದ. ಹೆಂಡದ ಕೇಸಿನಲ್ಲಿ ಜೈಲಿಗೆ ಹೋದನಂತೆ: ಪಾನನಿಷೇಧ 1933ರಲ್ಲೇ ಮುಗಿದಿತ್ತು, 1939ರಲ್ಲಿ ಅವನಿಗೆ ಶಿಕ್ಷೆಯಾದದ್ದು ಆದಾಯ ತೆರಿಗೆ ವಂಚನೆಗೆ. ಬ್ರಷ್ ಕ್ರೀಕ್ ಹಳ್ಳಕ್ಕೆ ಹಾಸಿದ ಕಾಂಕ್ರೀಟಿನಡಿ ಹೆಣಗಳಿವೆಯಂತೆ: ಪುರಾವೆಯಿಲ್ಲದ ಕಟ್ಟುಕಥೆ.

ಇನ್ನು ಬಡವರ ಬಂಧುವಿನ ವಿಚಾರ. ಚಳಿಗಾಲಕ್ಕೆ ಕಲ್ಲಿದ್ದಲು, ಹಬ್ಬಕ್ಕೆ ಊಟ, ನಿರುದ್ಯೋಗಿಗೆ ಕೆಲಸ ಅವನ ಕಡೆಯವರಿಂದ ಸಿಗುತ್ತಿತ್ತು, ಹೌದು. ಆದರೆ ಕೆಲಸ ನಗರಸಭೆಯದು, ಸಂಬಳ ತೆರಿಗೆ ಕಟ್ಟಿದವರದು. ಆ ಸಂಬಳದಲ್ಲೂ ಒಂದು ಪಾಲನ್ನು ನೌಕರರು ಅವನ ಬಣಕ್ಕೆ ಒಪ್ಪಿಸಬೇಕಿತ್ತು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. 1931ರಲ್ಲಿ ಮತದಾರರು ಹತ್ತು ವರ್ಷಗಳ ಯೋಜನೆಗಾಗಿ ಬಾಂಡ್ ಸಾಲಕ್ಕೆ ಒಪ್ಪಿಗೆ ಕೊಟ್ಟರು. ನ್ಯಾಯಾಲಯ, ಸಭಾಂಗಣ, ಸಿಟಿ ಹಾಲ್ ಎದ್ದುನಿಂತವು. ಸಾಲ ಜನರ ತಲೆಯ ಮೇಲೆ. ಕಾಂಕ್ರೀಟ್ ಮಾರಿದ ಲಾಭ ಪೆಂಡರ್‌ಗಾಸ್ಟ್‌ನ ಸ್ವಂತ ರೆಡಿ ಮಿಕ್ಸ್‌ಡ್ ಕಾಂಕ್ರೀಟ್ ಕಂಪನಿಯ ಜೇಬಿಗೆ. ಊರು ಕಟ್ಟಿದ್ದು ಊರಿನವರೇ.

ಆ ತೆರಿಗೆ ವಂಚನೆಯ ಹಿಂದಿದ್ದ, ಅವನನ್ನು ಕೆಡವಿದ ಲಂಚದ ಪ್ರಕರಣವನ್ನಂತೂ ಅಭಿಮಾನಿಗಳು ಓದಿಯೇ ಇಲ್ಲ. ಮಿಸೌರಿ ರಾಜ್ಯದಲ್ಲಿ ಬೆಂಕಿ ವಿಮೆಯ ಕಂತು ಏರಿಸಿದ್ದು ವಿವಾದವಾಗಿ, ಪಾಲಿಸಿದಾರರು ಹೆಚ್ಚುವರಿಯಾಗಿ ಕಟ್ಟಿದ ಹಣ ವರ್ಷಗಟ್ಟಲೆ ನ್ಯಾಯಾಲಯದ ವಶದಲ್ಲಿತ್ತು. 1935ರಲ್ಲಿ ರಾಜಿಯಾಯಿತು. ಹಣ ಕಟ್ಟಿದವರಿಗೆ ಶೇ. 20 ಮಾತ್ರ ವಾಪಸ್. ಉಳಿದದ್ದು ಕಂಪನಿಗಳ ಕಡೆಗೆ. ಈ ರಾಜಿ ಕುದುರಿಸಲು ಪೆಂಡರ್‌ಗಾಸ್ಟ್‌ಗೆ ಗೊತ್ತುಮಾಡಿದ್ದ ಲಂಚ 7,50,000 ಡಾಲರ್. ಕುದುರೆ ಜೂಜಿನಲ್ಲಿ ಕಳೆದುಕೊಳ್ಳುತ್ತಿದ್ದವನಿಗೆ ದುಡ್ಡು ಬೇಕಿತ್ತು. ಮನೆಗೆ ವಿಮೆ ಮಾಡಿಸಿದ್ದ ಜನಸಾಮಾನ್ಯರು ಅದನ್ನು ತೆತ್ತರು.

ಮತದ ಬೆಲೆಯನ್ನೂ ನೋಡಿ. 1934ರ ನಗರ ಚುನಾವಣೆಯ ದಿನ ನಾಲ್ವರು ಕೊಲೆಯಾದರು. 1936ರ ಚುನಾವಣೆಯ ಅಕ್ರಮಗಳಿಗಾಗಿ 259 ಮಂದಿ ಅಪರಾಧಿಗಳೆಂದು ಸಾಬೀತಾಯಿತು. ಬಡವನಿಗೆ ಊಟ ಕೊಟ್ಟವನು ಅದೇ ಬಡವನ ವೋಟನ್ನು ಕಿತ್ತುಕೊಂಡಿದ್ದ.

ಜನ ಯಾಕೆ ನಂಬುತ್ತಾರೆ? ಕೊಟ್ಟದ್ದು ಕಣ್ಣಿಗೆ ಕಾಣುತ್ತದೆ, ಕಸಿದದ್ದು ಕಾಣುವುದಿಲ್ಲ. ಒಂದು ಚೀಲ ಕಲ್ಲಿದ್ದಲನ್ನು ಮೊಮ್ಮಕ್ಕಳವರೆಗೂ ನೆನೆಯುತ್ತಾರೆ. ಮನೆಗೆ ಬಾರದೆ ಹೋದ ವಿಮೆಯ ಹಣವನ್ನು ಯಾರೂ ನೆನೆಯುವುದಿಲ್ಲ. ಈ ಕುರುಡು ಒಂದೇ ಊರಿನದಲ್ಲ. ಯಾವ ನಾಯಕನ ಬಗ್ಗೆಯಾದರೂ ‘ತಿಂದರೂ ಕೆಲಸ ಮಾಡಿದ’ ಎನ್ನುವ ಮೊದಲು ಲೆಕ್ಕ ಕೇಳಬೇಕು: ಯಾರ ದುಡ್ಡಿನಲ್ಲಿ?

1945ರ ಜನವರಿಯಲ್ಲಿ ಪೆಂಡರ್‌ಗಾಸ್ಟ್ ಸತ್ತಾಗ ಹ್ಯಾರಿ ಟ್ರೂಮನ್ ಅಂತ್ಯಕ್ರಿಯೆಗೆ ಹೋದರು. ಅವರು ಉಪಾಧ್ಯಕ್ಷರಾಗಿ ಆಗ ಕೆಲವೇ ದಿನಗಳಾಗಿದ್ದವು. 1934ರಲ್ಲಿ ಅವರು ಸೆನೆಟ್‌ಗೆ ಆರಿಸಿಬಂದದ್ದು ಇವನ ಬಲದಿಂದ. ಅವರಿಗೆ ಋಣವಿತ್ತು, ಹೋದರು. ನಮಗೆ ಅವನ ಋಣವೇನೂ ಇಲ್ಲ. ಅವನ ಪರವಾಗಿ ವಕಾಲತ್ತು ವಹಿಸುವ ಹಂಗೂ ಇಲ್ಲ.